ನನ್ನ ನಂತರದ ಆಡುಗಳು

ಕೈಗೆ ಬಂದ ಹಣದಿಂದ ಸುಖಪಟ್ಟವರು ಎಷ್ಟೋ ಮಂದಿ ಇರಬಹುದು. ನಾನು ಮಾತ್ರ ಕೈಗೆ ಬಾರದ ಹಣದಿಂದ ಸುಖಪಟ್ಟವಳು. ಬಂದ ಹಣಕ್ಕೆ ಬರುವಾಗಲೇ ಹೋಗುವ ಅವಸರ ಇರುತ್ತದೆ. ಕಿರಾಣಿ ಅಂಗಡಿಯವನು, ಗ್ಯಾಸಿನವನು, ಹಾಲಿನವಳು ಎಲ್ಲರೂ ಅದನ್ನು ಹೆಸರು ಹಿಡಿದು ಕರೆಯುತ್ತಿರುತ್ತಾರೆ. ಬಾರದ ಹಣಕ್ಕೆ ಅಂಥ ಬಳಗವಿಲ್ಲ. ಅದನ್ನು ಬೆಳಿಗ್ಗೆ ಬಸ್ಸಿನಲ್ಲಿ ಒಮ್ಮೆ ಪೂರ್ತಿ ಖರ್ಚು ಮಾಡಬಹುದು, ಸಂಜೆ ಬಸ್ಸಿನಲ್ಲಿ ಇನ್ನೊಮ್ಮೆ ಬೇರೆ ರೀತಿಯಲ್ಲಿ ಖರ್ಚು ಮಾಡಬಹುದು. ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವಾಗ ನೋಡಿದರೆ ಅದು ಒಂದು ಪೈಸೆಯೂ ಕಡಿಮೆಯಾಗದೆ ಹಾಗೇ ಕುಳಿತಿರುತ್ತದೆ.

ನಾನು ಟಿಕೋಟಾದ ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದೆ. ಸರಕಾರಿ ಕೆಲಸ ಸಿಕ್ಕಿದ್ದು ತಡವಾಗಿ. ಅದಕ್ಕೆ ಮುಂಚೆ ವಿಜಯಪುರದ ಖಾಸಗಿ ಶಾಲೆಗಳಲ್ಲಿ ಅರ್ಧ ಪಗಾರಕ್ಕೆ ಪೂರ್ತಿ ಗಂಟಲು ಹರಿದುಕೊಂಡವಳು. ತಡವಾಗಿ ಬಂದವರಿಗೆ ಹೊಸ ಪಿಂಚಣಿ ಯೋಜನೆ. ತಿಂಗಳು ತಿಂಗಳು ನಮ್ಮ ಸಂಬಳದಲ್ಲಿ ಒಂದು ತುಂಡು ಕತ್ತರಿಸಿ, ಸರಕಾರ ತನ್ನದೊಂದು ತುಂಡು ಸೇರಿಸಿ, ಎಲ್ಲೋ ಇಡುತ್ತಿದ್ದರು. ಎಲ್ಲಿ ಎಂದು ನಮಗೆ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಈ ಕತ್ತರಿಯನ್ನು ಬೈಯುತ್ತಿದ್ದರು. ಹಳೆಯ ಪಿಂಚಣಿ ಬೇಕು ಎಂದು ಒಮ್ಮೆ ವಿಜಯಪುರದಲ್ಲಿ ಬಿಸಿಲಲ್ಲಿ ಕುಳಿತು ಘೋಷಣೆ ಕೂಗಿದೆವು, ನಾನೂ ಕೂಗಿದೆ. ಆದರೆ ಒಳಗೊಳಗೇ ನನಗೆ ಆ ಕಾಣದ ಹಣದ ಮೇಲೆ ಒಂದು ಪ್ರೀತಿ ಹುಟ್ಟಿಕೊಂಡಿತ್ತು. ನಮ್ಮೂರು ಘೋಣಸಗಿ. ಅಲ್ಲಿಂದ ಟಿಕೋಟಾಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತೆಂದರೆ, ದ್ರಾಕ್ಷಿ ತೋಟದ ಪಡಗಳು ಹಿಂದೆ ಸರಿಯುತ್ತಿದ್ದ ಹಾಗೆ ನಾನು ಮುಂದೆ ಮುಂದೆ ಹೋಗಿಬಿಡುತ್ತಿದ್ದೆ. ಗಾಂಧಿ ಚೌಕದ ಒಂದು ಓಣಿಯಲ್ಲಿ ಬಳೆ ಅಂಗಡಿ ಹಾಕಿದ್ದೆ. ಬಿಳಿ ಗಾದಿಯ ಮೇಲೆ ಕುಳಿತು, ಮುಖ ನೋಡಿ, ಇಷ್ಟವಾದ ಗಿರಾಕಿಗಳನ್ನಷ್ಟೇ ಒಳಗೆ ಬಿಡುತ್ತಿದ್ದೆ. ಒಂದು ಸಲ ಹಡಗಿನ ಪ್ರವಾಸಕ್ಕೂ ಹೋಗಿದ್ದೆ. ಸಮುದ್ರವನ್ನು ನಾನು ಈ ಕಣ್ಣಿಂದ ನೋಡಿದವಳಲ್ಲ. ಆದರೂ ಹೋದೆ. ಮಧ್ಯದಲ್ಲಿ ವಾಕರಿಕೆ ಬಂದಂತಾಗಿ ಮತ್ತೆ ಆ ಕಡೆ ಹೋಗಲಿಲ್ಲ.

ಇದು ನನ್ನ ಜಾಯಮಾನ. ಪಿಂಚಣಿ ಬರುವುದಕ್ಕೂ ಮುಂಚಿನದು. ಪಾಠ ಮಾಡುವಾಗಲೂ ಹೀಗೇ. ಒಮ್ಮೆ ಎಂಟನೇ ತರಗತಿಗೆ ಮರುಭೂಮಿಯ ಪಾಠ ಮಾಡುತ್ತ, "ಮರಳು, ಎಲ್ಲಿ ನೋಡಿದರೂ ಮರಳು" ಎಂದು ಹೇಳಿ ಹಾಗೇ ಕಿಟಕಿಯ ಕಡೆ ನೋಡುತ್ತ ನಿಂತುಬಿಟ್ಟಿದ್ದೆನಂತೆ. ಎಷ್ಟು ಹೊತ್ತಾಯಿತೋ, ಮುಂದಿನ ಬೆಂಚಿನ ಹುಡುಗಿ ಎದ್ದು, "ಟೀಚರ್, ನೀವು ಒಬ್ಬರ ಹೋಗಿ ಕುಂತೀರಿ, ನಮ್ಮನ್ನೂ ಕರಕೊಂಡ ಹೋಗ್ರಿ" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರನ್ನೂ ಒಂಟೆಯ ಮೇಲೆ ಕೂರಿಸಿ ಕರೆದುಕೊಂಡು ಹೋದೆ.

ನಮ್ಮ ಯಜಮಾನರು ಮಾಳಪ್ಪನವರು ಇದಕ್ಕೆ ಪೂರಾ ವಿರುದ್ಧ. ಅವರಿಗೆ ಮಲಗಿದಾಗ ಕೂಡ ಕನಸು ಬೀಳುವುದಿಲ್ಲ. "ಮಕ್ಕೊಂಡಾಗ ಮಕ್ಕೊಬೇಕು, ಕನಸ ಕಾಣಾಕ ಹೋದ್ರ ನಿದ್ದಿ ಯಾವಾಗ ಮಾಡೂದು?" ಎನ್ನುವ ಮನುಷ್ಯ. ಘೋಣಸಗಿಯಲ್ಲಿ ಸ್ವಲ್ಪ ಹೊಲ ಇದೆ, ಅದಕ್ಕಿಂತ ಹೆಚ್ಚಾಗಿ ಅವರ ಆಡುಗಳಿವೆ. ಆಡು ಕಾಯುವುದು ಅವರ ಅಜ್ಜನ ಕಾಲದಿಂದ ಬಂದದ್ದು. ಮದುವೆಯಾದ ಹೊಸದರಲ್ಲಿ ನಾನು ಅವರನ್ನು, ಮನುಷ್ಯರಿಗೂ ಆಡಿಗೂ ನೀವು ಏನು ವ್ಯತ್ಯಾಸ ಮಾಡುತ್ತೀರಿ ಎಂದು ಕೇಳಿದ್ದೆ. ಬಹಳ ಯೋಚನೆ ಮಾಡಿ, "ಆಡಿಗೆ ಹೆಸರ ಇಡತೇನಿ" ಎಂದಿದ್ದರು. ನಿಜ. ನನ್ನನ್ನು ಅವರು ಇವತ್ತಿಗೂ ಹೆಸರು ಹಿಡಿದು ಕರೆದಿಲ್ಲ. ಊರೆಲ್ಲ ಕರೆಯುವ ಹಾಗೆ ಅವರೂ "ಟೀಚರ" ಎಂದೇ ಕರೆಯುತ್ತಾರೆ. ನನಗೂ ಆಡುಗಳಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಅವು ನನ್ನನ್ನು ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರ ಹಾಗೆ ನೋಡುತ್ತವೆ, ಏನನ್ನೋ ಅಗಿಯುತ್ತ, ಏನೂ ಹೇಳದೆ. ಒಂದು ಆಡು ನಾನು ತಿದ್ದಲು ತಂದಿದ್ದ ಉತ್ತರ ಪತ್ರಿಕೆಗಳನ್ನು ತಿಂದುಹಾಕಿತ್ತು. ಆ ವರ್ಷ ನನ್ನ ವಿಷಯದಲ್ಲಿ ಯಾರೂ ನಪಾಸಾಗಲಿಲ್ಲ.

ಹೀಗೆ ಕಾಲ ಸರಿದು ನಾನು ನಿವೃತ್ತಳಾದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನನ್ನ ಶಿಸ್ತಿನ ಬಗ್ಗೆ ಯಾರೋ ಮಾತಾಡಿದರು. ಬೇರೆ ಯಾರದೋ ಭಾಷಣ ಇರಬೇಕೆಂದುಕೊಂಡು ನಾನು ಚಪ್ಪಾಳೆ ತಟ್ಟಿದೆ. ಕೆಲವು ವಾರ ಕಾಗದಪತ್ರಗಳು ಓಡಾಡಿದವು. ಕೊನೆಗೆ ತಿಳಿದದ್ದು ಇಷ್ಟು: ಇಷ್ಟು ವರ್ಷ ನಾನು ಬಸ್ಸಿನಲ್ಲಿ ಖರ್ಚು ಮಾಡುತ್ತ ಬಂದ ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಒಟ್ಟಿಗೆ ಕೈಗೆ ಬರುತ್ತದೆ. ಉಳಿದದ್ದನ್ನು ಕೇಳಿದರೂ ಕೊಡುವುದಿಲ್ಲ. ಅದನ್ನು ಒಂದು ವಿಮಾ ಕಚೇರಿಗೆ ಕೊಟ್ಟು, ಅದರಿಂದ ತಿಂಗಳು ತಿಂಗಳು ಬರುವ ಹಾಗೆ ಮಾಡಿಕೊಳ್ಳಬೇಕು. ಯಾವ ರೀತಿಯಲ್ಲಿ ಬರಬೇಕು ಎಂಬುದನ್ನು ನಾನೇ ಆರಿಸಬೇಕು. ಯಜಮಾನರನ್ನೂ ಕರೆದುಕೊಂಡು ವಿಜಯಪುರಕ್ಕೆ ಬರಬೇಕು.

ಯಜಮಾನರು ಬಿಳಿ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ, ಲಗ್ನಕ್ಕೆ ಹೊರಟವರ ಹಾಗೆ ತಯಾರಾದರು. ಆಡುಗಳನ್ನು ನೆರೆಮನೆಯವರಿಗೆ ಒಪ್ಪಿಸಿ, ಪ್ರತಿಯೊಂದರ ಸ್ವಭಾವವನ್ನೂ ವಿವರಿಸುವಷ್ಟರಲ್ಲಿ ಒಂದು ಬಸ್ಸು ಹೋಯಿತು. ಕಚೇರಿ ಮುಟ್ಟಿದಾಗ ಮಧ್ಯಾಹ್ನ. ಅಲ್ಲಿದ್ದ ಅಧಿಕಾರಿ ಹಿರೇಮಠ ಎಂಬವರು. ನನ್ನ ವಯಸ್ಸಿಗೆ ಹತ್ತಿರದವರು, ಬಹಳ ಮೃದು ಮನುಷ್ಯ. ಎಷ್ಟು ಮೃದು ಎಂದರೆ ಸಾವು ಎಂಬ ಶಬ್ದ ಅವರ ಬಾಯಿಂದ ಬರುವುದೇ ಇಲ್ಲ. ಕೆಲಸವೋ ದಿನವಿಡೀ ಅದರದೇ.

"ನೋಡ್ರಿ ಮೇಡಂ," ಎಂದು ಶುರುಮಾಡಿದರು. "ಒಂದನೇದು, ನೀವು ಇರೂತನಕ ನಿಮಗ ಬರತೈತಿ. ಒಂದ ವೇಳೆ ನೀವು ಮುಂದ ಹೋದ್ರಿ ಅಂದ್ರ..."

"ಎಲ್ಲಿಗ್ರಿ?" ಎಂದೆ ನಾನು. ಮುಂದಿನ ಟೇಬಲ್ಲಿಗೆ ಹೋಗಬೇಕೇನೋ ಎಂದು ಎದ್ದೂ ನಿಂತಿದ್ದೆ.

"ಕುಂದರ್ರಿ, ಕುಂದರ್ರಿ. ಅಂದ್ರ, ಏನರ ಹೆಚ್ಚುಕಡಿಮಿ ಆತು ಅಂತ ತಿಳೀರಿ. ಆಗಬಾರದು. ಆದ್ರ, ಅಲ್ಲಿಗೆ ಬಂದ್. ಎರಡನೇದು, ನಿಮಗ ಹೆಚ್ಚುಕಡಿಮಿ ಆದಮ್ಯಾಲ ಯಜಮಾನರಿಗೆ ಬರತೈತಿ, ಅವರು ಇರೂತನಕ. ಆದ್ರ ತಿಂಗಳಿಗೆ ಬರೂದು ಸ್ವಲ್ಪ ಕಡಿಮಿ. ಮೂರನೇದು, ಇಬ್ಬರದೂ ಹೆಚ್ಚುಕಡಿಮಿ ಆದಮ್ಯಾಲ ಅಸಲು ರೊಕ್ಕಾ ನಿಮ್ಮ ಮಗಳಿಗೆ. ಅದರಾಗ ಇನ್ನಷ್ಟು ಕಡಿಮಿ."

ಅಂದರೆ ಹಿಂದೆ ಉಳಿಯುವವರ ಬಗ್ಗೆ ಎಷ್ಟು ಚಿಂತೆ ಮಾಡುತ್ತೇವೆಯೋ ಅಷ್ಟು ಪಿಂಚಣಿ ಕಡಿಮೆ. ಯಾರನ್ನೂ ಲೆಕ್ಕಕ್ಕೆ ಹಿಡಿಯದವರಿಗೆ ಎಲ್ಲಕ್ಕಿಂತ ಹೆಚ್ಚು. ಯೋಚಿಸಿ ಹೇಳಿ ಎಂದು ಹಿರೇಮಠರು ಕಂಪ್ಯೂಟರಿನ ಕಡೆ ತಿರುಗಿದರು. ತಲೆಯ ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಹೊರಗೆ ಬಿಸಿಲು ಹಾಲಿನ ಹಾಗೆ ಬೆಳ್ಳಗಿತ್ತು. ಯೋಚನೆ ಮಾಡು ಎಂದು ನನಗೆ ಯಾರೂ ಹೇಳಬಾರದು.

ನಾನು ತೀರಿಕೊಂಡೆ. ಬಹಳ ಸುಲಭವಾಗಿ, ಯಾರಿಗೂ ತೊಂದರೆ ಕೊಡದೆ. ದಿನಕರ್ಮ ಚೆನ್ನಾಗಿಯೇ ಆಯಿತು. ಹಳೆಯ ವಿದ್ಯಾರ್ಥಿಗಳು ಬಂದಿದ್ದರು, ಅಡುಗೆಯಲ್ಲಿ ಉಪ್ಪು ಮಾತ್ರ ಸ್ವಲ್ಪ ಹೆಚ್ಚಾಗಿತ್ತು. ತಿಂಗಳ ಮೊದಲ ದಿನ ಯಜಮಾನರ ಮೊಬೈಲು ಕುಂಯ್ ಎಂದಿತು. ಅವರು ಅದನ್ನು ದೂರ ಹಿಡಿದು ನೋಡಿದರು. ಪಟಕಾ ಸುತ್ತಿಕೊಂಡರು. ಸಂಜೆ ಟಿಕೋಟಾದಿಂದ ಬರುವಾಗ ಅವರ ಹಿಂದೆ ಒಂದು ಕರೀ ಆಡು ಬರುತ್ತಿತ್ತು. ಮುಂದಿನ ತಿಂಗಳು ಇನ್ನೊಂದು. ಅದರ ಮುಂದಿನ ತಿಂಗಳು ಮತ್ತೊಂದು. ನನ್ನ ಪಿಂಚಣಿ ಅಂಗಳದ ತುಂಬ ನಾಲ್ಕು ಕಾಲುಗಳ ಮೇಲೆ ಓಡಾಡತೊಡಗಿತು. ಊರವರು "ಇವು ಟೀಚರ ಆಡು" ಎಂದು ಗುರುತಿಸಿ ಮಾತಾಡಿಕೊಂಡರು. ಒಂದು ನನ್ನ ಮಂಚದ ಮೇಲೆ ಹತ್ತಿ ಮಲಗಿತ್ತು. ಇನ್ನೊಂದು ನನ್ನ ಇಳಕಲ್ ಸೀರೆಯ ಸೆರಗನ್ನು ನಿಧಾನವಾಗಿ, ಒಳ್ಳೆಯ ಊಟ ಮಾಡುವವರ ಹಾಗೆ ತಿನ್ನುತ್ತಿತ್ತು. ಇಷ್ಟೆಲ್ಲದರ ನಡುವೆ ಯಜಮಾನರು ಕಟ್ಟೆಯ ಮೇಲೆ ಎಳೆಬಿಸಿಲಲ್ಲಿ ಕುಳಿತು, ನಾನು ಎಂದೂ ಹಾಕಿಕೊಡದಷ್ಟು ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದರು. ಮುಖದ ಮೇಲೆ ಎಂಥ ಶಾಂತಿ! ನಾನು ಹತ್ತಿರ ಹೋಗಿ ನೋಡಿದೆ. ಕಣ್ಣು ಒಣಗಿದ್ದವು.

"ಒಂದನೇದು ಮಾಡ್ರಿ," ಎಂದೆ ನಾನು. ಸ್ವಲ್ಪ ಜೋರಾಗಿಯೇ ಎಂದಿರಬೇಕು, ಪಕ್ಕದ ಟೇಬಲ್ಲಿನವರು ತಲೆ ಎತ್ತಿದರು. "ನನಗೊಬ್ಬಾಕಿಗೇ ಬರಲಿ. ನಾ ಹೋದಮ್ಯಾಲ ಬಂದ್ ಆಗಲಿ."

ಹಿರೇಮಠರು ನಮ್ಮ ಯಜಮಾನರ ಮುಖ ನೋಡಿದರು. ಯಜಮಾನರು ಪಟಕಾ ಸರಿಮಾಡಿಕೊಂಡು, "ಆಕೀ ರೊಕ್ಕ, ಆಕೀ ಮರ್ಜಿ" ಎಂದರು. ಬೇಸರವಿಲ್ಲ, ಸಿಟ್ಟಿಲ್ಲ. ಅದೇ ನನಗೆ ಇನ್ನಷ್ಟು ಉರಿಯಿತು. ಅಯ್ಯೋ ಎಂದಾದರೂ ಅನ್ನಬಾರದೇ?

"ಮೇಡಂ, ಇದು ಒಮ್ಮೆ ಆತು ಅಂದ್ರ ತಿರಗಿ ಬದಲಿ ಮಾಡಾಕ ಬರಂಗಿಲ್ರಿ," ಎಂದರು ಹಿರೇಮಠರು. "ಇವತ್ತ ಬ್ಯಾಡ. ಮನಿಗೆ ಹೋಗಿ ಇಬ್ಬರೂ ಕೂಡಿ ವಿಚಾರ ಮಾಡ್ರಿ. ಮುಂದಿನ ವಾರ ಬರ್ರಿ."

ಬಸ್ಸು ಊರು ದಾಟುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ.

"ಯಾಕ ಟೀಚರ, ತಲಿ ನೋಯಾಕತ್ತೈತೇನು?" ಎಂದರು ಯಜಮಾನರು.

"ನನ್ನ ದಿನಕರ್ಮ ಮುಗದು ತಿಂಗಳಾಗಿತ್ತೋ ಇಲ್ಲೋ, ಆಡು ತಂದ್ರಿ. ಅದೂ ನನ್ನ ರೊಕ್ಕದಾಗ."

"ಯಾವಾಗ?"

"ಈಗ. ಆಫೀಸಿನ್ಯಾಗ ಕುಂತಾಗ."

ಇಷ್ಟು ವರ್ಷ ನನ್ನ ಜೊತೆ ಬಾಳಿದ ಮನುಷ್ಯ. ಕುಳಿತಲ್ಲೇ ನಾನು ಎಲ್ಲೆಲ್ಲಿ ಹೋಗಿಬರುತ್ತೇನೆಂದು ಬಲ್ಲವರು. ತಕ್ಷಣ ಅರ್ಥವಾಯಿತು. ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೊಂದುಕೊಂಡರೇನೋ ಎಂದು ನಾನು ಓರೆಗಣ್ಣಲ್ಲಿ ನೋಡಿದೆ.

"ಎಂಥಾ ಆಡು?" ಎಂದರು.

"ಕರೀವು. ಉದ್ದನ್ನ ಕಿವಿ, ಜೋತ ಬಿದ್ದಿದ್ದು."

"ಉಸ್ಮಾನಾಬಾದಿ!" ಎಂದರು, ದನಿಯಲ್ಲಿ ಬೆಳಕು ಬಂದಿತ್ತು. "ಚೊಲೋ ತಳಿ. ನಾ ಎಷ್ಟ ತಂದೆ?"

"ತಿಂಗಳಿಗೊಂದು."

"ತಿಂಗಳಿಗೊಂದು ಉಸ್ಮಾನಾಬಾದಿ ಬರತೈತಿ ಅಂದ್ರ ಪಿಂಚಣಿ ಚೊಲೋನ ಐತಲ್ಲ ಟೀಚರ! ಎಷ್ಟಕ್ಕ ಕೊಟ್ಟಾರು? ಗಬ್ಬ ಇದ್ದುವೇನು?"

"ನನಗೇನ ಗೊತ್ತು ಗಬ್ಬ ಇದ್ದುವೋ ಇಲ್ಲೋ! ನಾ ಸತ್ತೇನಿ ಅಲ್ಲಿ!"

ಇದನ್ನು ನಾನು ಪಾಠ ಮಾಡುವ ದನಿಯಲ್ಲಿ ಹೇಳಿರಬೇಕು. ಬಸ್ಸು ಒಮ್ಮೆಲೇ ಸುಮ್ಮನಾಯಿತು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಒಬ್ಬ ಮುದುಕಿ ಪೂರ್ತಿ ಹಿಂದಕ್ಕೆ ತಿರುಗಿ, ಸೀಟಿನ ಕಂಬಿ ಹಿಡಿದು ಕೇಳಿದಳು. "ಯಾರ ಸತ್ತಾರಬೇ ಯವ್ವಾ?"

"ನಾನ ಆಯಿ," ಎಂದೆ. ಬೇರೆ ಏನು ಹೇಳಲಿ?

ಆಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ನಮ್ಮ ಯಜಮಾನರನ್ನು ಕನಿಕರದಿಂದ ನೋಡಿದಳು. "ಸತ್ತಮ್ಯಾಲ ಇಷ್ಟ ಬಾಯಿ ಮಾಡಾಕತ್ತಾಳ, ಇದ್ದಾಗ ಹೆಂಗ ಇದ್ದಳೋ ಯಪ್ಪಾ," ಎಂದಳು. "ಆಡು ತಂದ್ರ ತರವಲ್ಲನ್ಯಾಕ ಬಿಡಬೇ. ಸೆರೆ ಕುಡಿಯಾಕ ಹೋಗಿಲ್ಲಲ್ಲ." ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಟಿಕೋಟಾ ಬರುವಷ್ಟರಲ್ಲಿ ಆಯಿ ಮತ್ತು ನಮ್ಮ ಯಜಮಾನರು ಆಡಿನ ಕಾಲುಬಾಯಿ ಬೇನೆಯ ಬಗ್ಗೆ ಮಾತಾಡುತ್ತ ಬೀಗರ ಹಾಗೆ ಆಗಿದ್ದರು. ನಾನು ಸತ್ತವಳು ಸುಮ್ಮನೆ ಕುಳಿತಿದ್ದೆ.

ಮಗಳು ಸುಧಾಳನ್ನು ನಿಡೋಣಿಗೆ ಕೊಟ್ಟಿದ್ದೇವೆ. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟಿದ್ದಾಳೆ. ಹಬ್ಬದ ದಿನಗಳಲ್ಲಿ ಬಬಲೇಶ್ವರದಿಂದಲೂ ಕುಪ್ಪಸ ಹೊಲಿಸಲು ಬರುತ್ತಾರೆ. ಒಂದೆರಡು ದಿನ ಬಿಟ್ಟು ಅಲ್ಲಿಗೆ ಹೋದೆ. ಇಂಥ ವಿಷಯ ಫೋನಿನಲ್ಲಿ ಹೇಳಲಾಗುವುದಿಲ್ಲ. ಅವಳು ಮಷಿನ್ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಮಂಚದ ಮೇಲಿನ ಆಡಿಗೆ ಬಂದಾಗ ಮಾತ್ರ ಕಾಲು ತೆಗೆದಳು.

"ಅವ್ವಾ, ನಿನ್ನ ಸಿಟ್ಟು ಆಡಿನ ಮ್ಯಾಲೋ, ಅಪ್ಪನ ಮ್ಯಾಲೋ?"

"ಇಬ್ಬರ ಮ್ಯಾಲೂ."

"ಅಲ್ಲ. ನೀ ಹೋದಾಗ ಅಪ್ಪ ಅಳಲಿಲ್ಲ ಅಂತ ನಿನಗ ಸಿಟ್ಟು."

ಹೆತ್ತ ಮಕ್ಕಳಿಗೆ ಇಷ್ಟು ಬುದ್ಧಿ ಇರಬಾರದು. ನಾನು, "ಒಂದೀಟರ ಅಳಬೇಕಲ್ಲ? ಮಂದಿ ಏನಂತಾರು?" ಎಂದೆ. ಅವಳು ಮತ್ತೆ ಮಷಿನ್ ತುಳಿಯತೊಡಗಿದಳು. "ಹಂಗಾರ ಇನ್ನೊಮ್ಮೆ ಸತ್ತು ನೋಡು. ಈ ಸಲ ಅಳಸು," ಎಂದಳು.

ಅವಳು ತಮಾಷೆಗೆ ಹೇಳಿದ್ದು. ನಾನು ನಿಜವಾಗಿಯೂ ಪ್ರಯತ್ನಿಸಿದೆ. ನಿಡೋಣಿಯಿಂದ ಬರುವ ಬಸ್ಸಿನಲ್ಲಿ, ಸಂಜೆಯ ಬಿಸಿಲು ಜೋಳದ ಹೊಲಗಳ ಮೇಲೆ ಮಲಗಿದ್ದಾಗ, ಮತ್ತೊಮ್ಮೆ ತೀರಿಕೊಂಡೆ. ಈ ಸಲ ಸ್ವಲ್ಪ ದಿನ ಹಾಸಿಗೆ ಹಿಡಿದು, ಎರಡು ಒಳ್ಳೆಯ ಮಾತು ಹೇಳಿ, ಅವರ ಕೈ ಹಿಡಿದುಕೊಂಡೇ ಹೋದೆ. ಆಮೇಲೆ ಅವರನ್ನು ಕಟ್ಟೆಯ ಮೇಲೆ ಕೂರಿಸಿದೆ. ಆಡುಗಳನ್ನೆಲ್ಲ ಆಚೆ ಓಡಿಸಿದೆ. ಈಗ ಅಳಿ ಎಂದೆ. ಅವರು ಕಟ್ಟೆಯ ಕಲ್ಲು ನೋಡುತ್ತ ಕುಳಿತರು. ಎದ್ದು ನೀರು ಕುಡಿದು ಬಂದು ಮತ್ತೆ ಕುಳಿತರು. ಎಷ್ಟು ಹೊತ್ತು ಕಾದರೂ ಅಷ್ಟೇ. ನಾನು ಅವರನ್ನು ಅಳುವಾಗ ನೋಡಿಯೇ ಇಲ್ಲ ಎಂದು ಆಗ ಹೊಳೆಯಿತು. ಅವರ ಅವ್ವ ತೀರಿಕೊಂಡಾಗ ಕೂಡ ಆಡುಗಳನ್ನು ಹೊಡೆದುಕೊಂಡು ಹೋಗಿ ಕತ್ತಲಾದ ಮೇಲೆ ಬಂದಿದ್ದರು. ಅಲ್ಲಿ ಏನಾಯಿತೋ ಆಡುಗಳಿಗೇ ಗೊತ್ತು. ಕಾಣದ ಸಮುದ್ರವನ್ನು ಕಂಡುಬಂದ ನನಗೆ ಈ ಮನುಷ್ಯನ ಕಣ್ಣೀರು ಕಾಣಲಿಲ್ಲ.

ಮನೆಯಲ್ಲಿ ಆ ವಿಷಯ ಇಬ್ಬರೂ ಎತ್ತಲಿಲ್ಲ. ಅವರು ಎಂದಿನ ಹಾಗೆ ಉಂಡರು, ಎದ್ದರು, ಆಡಿನ ಹಿಂದೆ ಹೋದರು. ಒಂದು ವ್ಯತ್ಯಾಸ ಮಾತ್ರ ಕಂಡೆ. ಸಂಜೆ ಆಡುಗಳನ್ನು ಕಟ್ಟಿದ ಮೇಲೆ ಅವುಗಳ ಮುಂದೆ ನಿಂತು ಒಂದೊಂದನ್ನೇ ನೋಡುವರು, ಆಮೇಲೆ ತಿರುಗಿ ನನ್ನನ್ನು ನೋಡುವರು. ಯಾವುದನ್ನು ಮಾರಿದರೆ ಏನು ಬರುತ್ತದೆ ಎಂದು ಲೆಕ್ಕ ಹಾಕುತ್ತಿರಬೇಕು, ಆ ಲೆಕ್ಕದಲ್ಲಿ ನನ್ನನ್ನೂ ಸೇರಿಸಿಕೊಂಡಿರಬೇಕು ಎಂದುಕೊಂಡೆ.

ಮುಂದಿನ ವಾರ ಮತ್ತೆ ವಿಜಯಪುರ. ಹಿರೇಮಠರು ನೀರು ಕೊಟ್ಟು, "ವಿಚಾರ ಮಾಡಿದ್ರೇನ್ರಿ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ನಮ್ಮ ಯಜಮಾನರು ಎದ್ದು ನಿಂತರು.

"ಸಾಹೇಬ್ರ, ಒಂದ ಮಾತ ಕೇಳಲ್ಯಾ? ಈಕಿಗೆ ಹೆಚ್ಚುಕಡಿಮಿ ಆದ್ರ ನನಗೇನ ಬರತೈತಿ ಅನ್ನೂದನ್ನ ಎಲ್ಲಾರೂ ಮಾತಾಡಾಕತ್ತೀರಿ. ನನಗ ಹೆಚ್ಚುಕಡಿಮಿ ಆದ್ರ ಈಕಿಗೇನ ಬರತೈತಿ?"

"ಮೇಡಂ ಅವರ ಪಿಂಚಣಿ ಮೇಡಂಗ ಬರತನ ಇರತೈತ್ರಿ."

"ಅದು ಈಕೀದ ಆತಲ್ಲ. ಈಕೀದು ಈಕಿಗೆ ಬಂದ್ರ ಅದರಾಗೇನೈತಿ? ನಂದೇನ ಬರತೈತಿ?"

ಹಿರೇಮಠರು ತಬ್ಬಿಬ್ಬಾದರು. "ನಿಮ್ಮದೇನ ಐತ್ರಿ ಯಜಮಾನ್ರ?"

"ಆಡು ಅದಾವಲ್ರಿ." ಯಜಮಾನರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಶಾಲೆಯಲ್ಲಿ ಪದ್ಯ ಬಾಯಿಪಾಠ ಒಪ್ಪಿಸಲು ನಿಲ್ಲಿಸಿದ ಹುಡುಗರ ಹಾಗಿತ್ತು ನಿಲುವು. "ಆಡಿಂದೂ ಹಿಂಗ ಒಂದು ಬರದಿಡಾಕ ಬರತೈತೇನ್ರಿ? ನಾ ಇರೂತನಕ ನನ್ನ ಹಂತ್ಯಾಕ ಇರಲಿ. ಆಮ್ಯಾಲ ಈಕಿಗೆ. ಈಕಿ ಮಾರತೇನಿ ಅಂತಾಳ, ಆಡಂದ್ರ ಈಕಿಗೆ ಆಗಂಗಿಲ್ಲ. ಮಾರೂಹಂಗಿಲ್ಲ ಅಂತ ಬರೀರಿ. ಮಾರಿದ್ರ ಒಮ್ಮೆ ರೊಕ್ಕ ಬಂದು ಮುಗದ ಹೋಗತೈತಿ. ಇಟಗೊಂಡ್ರ ಮರಿ ಹಾಕತಾವು, ಹಾಲ ಕೊಡತಾವು, ಈಕಿ ಕೂಡ ಮನ್ಯಾಗ ಯಾರರ ಇದ್ದಂಗ ಆಕೈತಿ. ವಾರದಿಂದ ನೋಡಾಕತ್ತೇನಿ ಸಾಹೇಬ್ರ, ಯಾವ ಆಡು ಈಕಿಗೆ ಹೊಂದತೈತಿ ಅಂತ. ಗೌರಿ ಅಂತ ಒಂದೈತಿ. ಗರೀಬ ಐತಿ, ಯಾರಿಗೂ ಹಾಯಂಗಿಲ್ಲ. ಅದು ಹೊಂದಬಹುದು."

ಕಚೇರಿಯಲ್ಲಿ ಯಾರೂ ನಗಲಿಲ್ಲ. ನನಗೆ ನಗಬೇಕೆನಿಸಿತು, ಆದರೆ ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ತಿರುಗಿದ ಹಾಗೆ ನಾನು ಹೊರಟುಬಿಟ್ಟಿದ್ದೆ. ಈ ಸಲ ಹೋದವರು ಅವರು. ನಾನು ಅಂಗಳದಲ್ಲಿದ್ದೆ. ಸಂಜೆಯಾಗಿತ್ತು. ಆಡುಗಳು ತಾವಾಗಿಯೇ ಮನೆಗೆ ಬಂದಿದ್ದವು, ಅವುಗಳ ಹಿಂದೆ ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದವು. ಟೀಚರ್ ಬಾರದ ದಿನ ತರಗತಿಯ ಮಕ್ಕಳು ಬಾಗಿಲ ಕಡೆ ನೋಡುತ್ತಾರಲ್ಲ, ಹಾಗೆ. ನಾನು ಅವುಗಳನ್ನು ಹೆಸರು ಹಿಡಿದು ಕರೆಯಬೇಕೆಂದುಕೊಂಡೆ. ಒಂದರ ಹೆಸರೂ ನೆನಪಾಗಲಿಲ್ಲ. ಇಷ್ಟು ವರ್ಷ ಕೇಳಿಸಿಕೊಂಡಿದ್ದರೆ ತಾನೆ.

"ಮೇಡಂ, ಮೇಡಂ," ಎಂದು ಹಿರೇಮಠರು ನೀರಿನ ಲೋಟ ಮುಂದೆ ಸರಿಸುತ್ತಿದ್ದರು. "ಆಡಿನ ಸಲುವಾಗಿ ಯಾಕ ಅಳಾಕತ್ತೀರಿ? ಅವರು ಸುಮ್ಮ ಕೇಳ್ಯಾರ. ಆಡಿಗೆ ನಮ್ಮಲ್ಲಿ ಯಾವ ಸ್ಕೀಮೂ ಇಲ್ರಿ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. "ಎರಡನೇದು ಮಾಡ್ರಿ ಸಾಹೇಬ್ರ," ಎಂದೆ. ಆಮೇಲೆ ಸುಧಾಳ ಹೊಲಿಗೆ ಮಷಿನ್ ಕಣ್ಣಮುಂದೆ ಬಂತು. "ಬ್ಯಾಡ, ಮೂರನೇದ ಮಾಡ್ರಿ."

"ಮೂರನೇದರಾಗ ತಿಂಗಳಿಗೆ ಎಲ್ಲಾಕಿಂತ ಕಡಿಮಿ ಬರತೈತಿ ಮೇಡಂ."

"ಕಡಿಮಿ ಬಂದ್ರ ಬರವಲ್ದ್ಯಾಕ ಬಿಡ್ರಿ," ಎಂದೆ. ಸಹಿ ಮಾಡಿದೆ. ಬಳೆ ಅಂಗಡಿಯ ಒಂದು ಗೋಡೆ ಹೋದ ಹಾಗಾಯಿತು. ಯಜಮಾನರು ತಮ್ಮ ಸಹಿಯನ್ನು ಬಹಳ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಮಾಡಿದರು. ಮಾಡಿ ಮುಗಿಸಿ ನನ್ನ ಕಡೆ ನೋಡಿ, "ಚಂದ ಬಂತೇನು ಟೀಚರ?" ಎಂದು ಕೇಳಿದರು.

ಹೊರಗೆ ಬಂದು ಗಾಂಧಿ ಚೌಕಕ್ಕೆ ನಡೆದೆವು. ಆಟೋಗಳು, ತಳ್ಳುಗಾಡಿಗಳು, ಬೆಲೆ ಕೂಗುವವರು. ಒಂದು ಚಹಾ ಅಂಗಡಿಯ ಮುಂದೆ ನಿಂತೆವು. ಅವರ ಚಹಾಕ್ಕೆ ನಾನೇ ಹೇಳಿ ಇನ್ನೊಂದು ಚಮಚ ಸಕ್ಕರೆ ಹಾಕಿಸಿದೆ. ಅಂಥ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಕೇಳಿಯೇಬಿಟ್ಟೆ.

"ರೀ, ನಾ ಹೋದ್ರ ಅಳತೀರೇನು?"

ಅವರು ಚಹಾ ಊದಿದರು. ಒಂದು ಗುಟುಕು ಕುಡಿದರು. "ಈಗ ಹೆಂಗ ಹೇಳಲಿ? ಆವತ್ತ ನೋಡೀಯಂತ," ಎಂದರು.

ಕೆಲವು ದಿನಗಳಲ್ಲಿ ಕೈಗೆ ಬರಬೇಕಾದ ಪಾಲು ಬ್ಯಾಂಕಿಗೆ ಬಂತು. ಮೊಬೈಲಿನಲ್ಲಿ ಸಂಖ್ಯೆ ನೋಡಿದೆ. ಎಷ್ಟು ಹೊತ್ತು ನೋಡಿದರೂ ಅದು ಸಂಖ್ಯೆಯಾಗಿಯೇ ಉಳಿಯಿತು. ಅದರೊಳಗೆ ಹೋಗಲು ಬಾಗಿಲೇ ಇರಲಿಲ್ಲ. ಮನೆಯ ಮಾಳಿಗೆ ಸೋರುತ್ತಿತ್ತು, ಸರಿಮಾಡಿಸಿದೆವು. ಉಳಿದದ್ದನ್ನು ಠೇವಣಿ ಇಟ್ಟೆವು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಈಗ ದ್ರಾಕ್ಷಿ ಪಡ ಬರೀ ದ್ರಾಕ್ಷಿ ಪಡವಾಗಿಯೇ ಕಾಣುತ್ತದೆ. ಹಣ ಬಂದದ್ದೇ ತಡ, ನಾನು ವ್ಯವಹಾರಸ್ಥಳಾಗಿಬಿಟ್ಟೆ. ತಿಂಗಳಿಗೆ ಬರುವ ಪಿಂಚಣಿಯೂ ಶುರುವಾಯಿತು. ಅದು ಎಷ್ಟು ಸಣ್ಣದೆಂದರೆ, ಉಸ್ಮಾನಾಬಾದಿಯ ಮಾತು ಬಿಡಿ, ಅದರ ಎರಡು ಕಿವಿ ಬಂದರೆ ಹೆಚ್ಚು.

ಆದರೆ ಮನೆಯಲ್ಲಿ ಹೊಸದೊಂದು ಶುರುವಾಗಿದೆ. ಎಂದೂ ಕನಸು ಕಾಣದ ನಮ್ಮ ಯಜಮಾನರು ಈಗೀಗ ಊಟ ಮಾಡುತ್ತ ಮಾಡುತ್ತ ನಿಂತುಬಿಡುತ್ತಾರೆ. ರೊಟ್ಟಿಯ ತುತ್ತು ಕೈಯಲ್ಲೇ ಇರುತ್ತದೆ, ಕಣ್ಣು ಎಲ್ಲೋ. ಮೊನ್ನೆ ಸಂಜೆ ಕಟ್ಟೆಯ ಮೇಲೆ ಕುಳಿತು ಹಾಗೇ ದೂರ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಮುಗುಳ್ನಕ್ಕರು. ಅಂಥ ನಗುವನ್ನು ನಾನು ಅವರ ಮುಖದ ಮೇಲೆ ಮೊದಲು ನೋಡಿರಲಿಲ್ಲ.

"ಏನ್ರಿ?" ಎಂದೆ.

ಎಚ್ಚೆತ್ತವರ ಹಾಗೆ ನನ್ನನ್ನು ನೋಡಿದರು. ಸ್ವಲ್ಪ ನಾಚಿಕೊಂಡರು ಕೂಡ. "ಏನಿಲ್ಲ. ನೀ ಹೋದಮ್ಯಾಲ ಏನ ಮಾಡೂದು ಅಂತ ಸುಮ್ಮ ವಿಚಾರ ಮಾಡಾಕತ್ತಿದ್ದೆ. ನಿಂದ ಹತ್ತೇತಿ ನನಗ ಈ ಚಟ."

"ಆಡು ತಂದ್ರೇನು?"

"ಆಡಲ್ಲ."

"ಮತ್ತೇನು?"

"ಆಡಲ್ಲ ಅಂದೆನಲ್ಲ," ಎಂದು ಮತ್ತೊಮ್ಮೆ ಅದೇ ನಗು ನಕ್ಕು ಎದ್ದುಹೋದರು.

ಮರುದಿನದಿಂದ ನಾನು ಬೆಳಿಗ್ಗೆ ಬೇಗ ಎದ್ದು ಊರ ಹೊರಗಿನ ದಾರಿಯಲ್ಲಿ ನಡೆಯಲು ಹೋಗುತ್ತಿದ್ದೇನೆ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ, ಎಣ್ಣೆಯ ತಿನಿಸು ಮುಟ್ಟುವುದಿಲ್ಲ, ಬಿ.ಪಿ. ತಪ್ಪದೆ ತೋರಿಸಿಕೊಂಡು ಬರುತ್ತೇನೆ. ದಾರಿಯಲ್ಲಿ ಸಿಕ್ಕವರು, "ಟೀಚರಗ ರಿಟಾಯರ್ ಆದಮ್ಯಾಲ ಎಂಥಾ ಶಿಸ್ತು ಬಂದೈತಿ ನೋಡ್ರಿ" ಎಂದು ಹೊಗಳುತ್ತಾರೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ. ಆಡಲ್ಲದ್ದು ಏನು ಎಂದು ತಿಳಿಯುವವರೆಗೆ ನನಗೆ ಸಾಯಲು ಪುರಸೊತ್ತಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?